ಮೊದಲ ಗಾಡಿ

ಮಾರ್ಚ್ 3, ಸೋಮವಾರ

ಸ್ಟ್ರೆಚರ್ ಚಕ್ರಗಳ ವಿಷಯಕ್ಕೇ ಅರ್ಧ ದಿನ ಹೋಯಿತು. ಹೊಸ ಕಟ್ಟಡದ ನುಣುಪು ನೆಲದ ಮೇಲೆ ಹಳೇ ಸ್ಟ್ರೆಚರ್‌ಗಳು ಮಾತೇ ಕೇಳುವುದಿಲ್ಲ. ತಳ್ಳುವುದು ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಮೈಂಟೆನೆನ್ಸ್ ಇಂಜಿನಿಯರ್‌ಗೆ ಹೇಳಿದೆ. "ಆಯ್ತು ಮೇಡಂ" ಅಂದ. ಏನು ಹೇಳಿದರೂ ಅದೊಂದೇ ಉತ್ತರ. ಆಸ್ಪತ್ರೆಯಲ್ಲಿ ಅವನ ಹೆಸರೇ ಆಯ್ತು-ಮೇಡಂ ಆಗಿಬಿಟ್ಟಿದೆ. ಆಯಿತೋ ಇಲ್ಲವೋ ಅನ್ನುವುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ತಿಂಗಳ ಕೊನೆಗೆ ಇಡೀ ಆಸ್ಪತ್ರೆ ನದಿಯಾಚೆಯ ಹೊಸ ಕಟ್ಟಡಕ್ಕೆ ಹೋಗಬೇಕು. ಹಾಸಿಗೆ, ಮೆಷಿನ್ನು, ಔಷಧಿ, ರೋಗಿಗಳು — ಎಲ್ಲ. ಹೊಣೆ ನನ್ನ ಕುತ್ತಿಗೆಗೆ. "ಮನೆ ಬದಲಾಯಿಸಿದ ಹಾಗೇ ಅಲ್ವೇನಮ್ಮಾ" ಅಂತಾರೆ ದೊಡ್ಡ ಡಾಕ್ಟರು. ಅವರು ಮನೆ ಬದಲಾಯಿಸುವಾಗ ಕಾನ್ಫರೆನ್ಸಿಗೆ ಹೋಗಿ, ಎಲ್ಲ ಜೋಡಿಸಿದ ಮೇಲೆ ಬಂದವರು. ಅವರ ಹೆಂಡತಿಯೇ ಹೇಳಿದ್ದು.

ಶನಿವಾರ ಮತ್ತೊಂದು ರಿಹರ್ಸಲ್. ರೋಗಿಗಳ ಪಾತ್ರಕ್ಕೆ ಜನ ಸಾಲದು. ಹೋದ ಸಲ ಅಕೌಂಟ್ಸ್‌ನವರನ್ನು ಮಲಗಿಸಿದ್ದೆವು. ಒಬ್ಬರು ನಿಜವಾಗಿಯೇ ನಿದ್ದೆ ಹೋಗಿ, ಲಿಫ್ಟಿನ ತುಂಬ ಗೊರಕೆ. ಈ ಸಲ ಯಾರೂ ಬರಲೊಲ್ಲರು.

ಊಟಕ್ಕೆ ಕೂತಾಗ ಮಾವನ ಮುಂದೆ ಅಂದೆ. "ನಾನು ಬರ್ತೀನಿ ಮಗಳೇ. ಮಲಗೋ ಪಾರ್ಟು ತಾನೇ?" ಅಂದರು. ಜೀವಮಾನವೆಲ್ಲ ರೈಲು ಟಿಕೆಟ್ ಕೌಂಟರಿನಲ್ಲಿ ಕಳೆದವರು. ಆದರೆ ಆಫೀಸಿನ ನಾಟಕಗಳಲ್ಲಿ ರಾಜನಿಂದ ಹಿಡಿದು ಕಳ್ಳನವರೆಗೆ ಎಲ್ಲ ಆಗಿ ಬಂದಿದ್ದಾರೆ. ನನ್ನ ಗಂಡ ನಕ್ಕ. "ಮಲಗೋ ಪಾರ್ಟಿಗೂ ಅಪ್ಪ ನಾಲ್ಕು ಡೈಲಾಗ್ ಸೇರಿಸ್ತಾರೆ, ನೋಡ್ತಿರು."

ಇರಲಿ. ನನ್ನ ಸಿಟ್ಟು ನೋಡಿ ಈ ಮನೆಯಲ್ಲಿ ಮೊದಲ ದಿನದಿಂದ ನಗುತ್ತಾ ಬಂದವರು ಅವರೊಬ್ಬರೇ.

ಮಾರ್ಚ್ 5, ಬುಧವಾರ

ಐಸಿಯು ಶಿಫ್ಟಿಂಗ್ ಕ್ರಮ ಇವತ್ತು ಪಕ್ಕಾ ಆಯಿತು. ಗಟ್ಟಿ ಇರುವವರು ಮೊದಲು, ತೀರಾ ನಾಜೂಕಾಗಿರುವವರು ಕೊನೆಗೆ. ಅಷ್ಟು ಹೊತ್ತಿಗೆ ರಸ್ತೆ, ಲಿಫ್ಟು, ಬಾಗಿಲು, ಎಲ್ಲದರ ಹಣೆಬರಹ ಗೊತ್ತಾಗಿರುತ್ತದೆ. ಹಿರಿಯ ಸಿಸ್ಟರ್ ಒಪ್ಪಿದರು. ಅವರು ಒಪ್ಪಿದರೆ ಮುಗಿಯಿತು, ಡಾಕ್ಟರುಗಳು ತಾವಾಗಿಯೇ ಒಪ್ಪುತ್ತಾರೆ.

ಆಂಬುಲೆನ್ಸ್ ಡ್ರೈವರುಗಳ ಮುಖ್ಯಸ್ಥನನ್ನು ಎಲ್ಲರೂ ತೊಟ್ಟಿಲು ಅನ್ನುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡಿಸುತ್ತಾನೆ. ಸೇತುವೆ ದಾರಿಯನ್ನು ಮೂರು ಸಲ ಓಡಿಸಿ ನೋಡಿ ಬಂದ. ಸಂತೋಷ. ಬಹಳ ದಿನದ ಮೇಲೆ ಬೆಳಕಿರುವಾಗಲೇ ಮನೆ ಸೇರಿದೆ.

"ಏನ್ ಪ್ರಾಜೆಕ್ಟು, ಇಷ್ಟು ಬೇಗ?" ಅಂದ ಗಂಡ. ನನ್ನನ್ನು ಕರೆಯುವುದೇ ಹಾಗೆ. ಕನ್ನಡಕದ ಅಂಗಡಿಯಿಂದ ಅವನೂ ಆಗಷ್ಟೇ ಬಂದಿದ್ದ, ಕಿಸೆಯ ತುಂಬ ಪುಟಾಣಿ ಸ್ಕ್ರೂಗಳು. ಯಾವತ್ತಾದರೂ ಬಟ್ಟೆ ಒಗೆಯುವ ಮೆಷಿನ್ ಇದರಿಂದಲೇ ಸಾಯುತ್ತದೆ.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಮಾವ ಆಗಲೇ ತಯಾರಾಗಿ ಕೂತಿದ್ದಾರೆ. ರಿಹರ್ಸಲ್‌ನಲ್ಲಿ ಪ್ರತಿ 'ರೋಗಿ'ಯ ಕೊರಳಿಗೂ ಒಂದು ಕಾರ್ಡ್ ಹಾಕುತ್ತೇವೆ — ಏನು ಕಾಯಿಲೆ, ಹೇಗೆ ನಡೆದುಕೊಳ್ಳಬೇಕು ಅಂತ. ಕಾರ್ಡಿನಲ್ಲಿದ್ದ ಹಾಗೆ ಅವರು ಆಡಬೇಕು, ಕಾರ್ಡಿನಲ್ಲಿದ್ದ ಹಾಗೆ ಸಿಬ್ಬಂದಿ ನೋಡಿಕೊಳ್ಳಬೇಕು. ಮಾವನಿಗೆ ಕೈ ಮುರಿದವನ ಕಾರ್ಡ್ ಇಟ್ಟಿದ್ದೆ. ಒಪ್ಪಲಿಲ್ಲ. "ಕೈಯಲ್ಲಿ ಏನ್ ಆಕ್ಟಿಂಗ್ ಮಾಡೋದು? ಎದೆನೋವು ಕೊಡು." ಕೊಟ್ಟೆ. ಕನ್ನಡಿ ಮುಂದೆ ನಿಂತು ಎದೆ ಹಿಡಿದುಕೊಂಡು ನೋಡುತ್ತಿದ್ದಾರೆ.

ಅದೇ ದಿನ, ಸಂಜೆ

ಬರೆಯಬೇಕೋ ಬೇಡವೋ. ಬರೆಯದೆ ಇದ್ದರೆ ತಲೆ ಸಿಡಿಯುತ್ತದೆ.

ಮಾವ ಆಕ್ಟಿಂಗ್ ಶುರು ಮಾಡಿದ್ದು ಸ್ಟ್ರೆಚರ್ ಹತ್ತಿದ ಗಳಿಗೆಯಿಂದಲೇ. ನರಳಿದರು. ಕಣ್ಣು ಮೇಲೆ ಮಾಡಿದರು. ವಾರ್ಡ್ ಬಾಯ್‌ಗಳು ಬಿದ್ದು ಬಿದ್ದು ನಕ್ಕರು. "ಮಾವ, ಸ್ವಲ್ಪ ಓವರ್ ಆಗ್ತಿದೆ" ಅಂದೆ. ಕಣ್ಣು ಮಿಟುಕಿಸಿದರು. ಹೊಸ ಕಟ್ಟಡ ಮುಟ್ಟಿದೆವು. ಲಿಫ್ಟಿನೊಳಗೆ ಮತ್ತೆ ಎದೆ ಹಿಡಿದುಕೊಂಡರು. ಈ ಸಲ ಸದ್ದಿರಲಿಲ್ಲ. "ಮಗಳೇ, ಇದು ಆಕ್ಟಿಂಗ್ ಅಲ್ಲ" ಅಂದರು. ಎಲ್ಲರೂ ಗೊಳ್ಳೆಂದು ನಕ್ಕೆವು. ನಾನೂ. ಒಬ್ಬ ಚಪ್ಪಾಳೆ ತಟ್ಟಿದ.

ಹಿರಿಯ ಸಿಸ್ಟರ್ ಮಾತ್ರ ನಗಲಿಲ್ಲ. ಅವರ ಕೈ ಮಾವನ ಹಣೆ ಮೇಲಿತ್ತು. "ಮೇಡಂ, ಬೆವರು ತಣ್ಣಗಿದೆ. ಬೆವರನ್ನ ಯಾರೂ ಆಕ್ಟ್ ಮಾಡಕ್ಕಾಗಲ್ಲ" ಅಂದರು.

ಆಮೇಲೆ ಆದದ್ದು ಪೂರ್ತಿ ನೆನಪಿಲ್ಲ. ಹೊಸ ಕಟ್ಟಡದಲ್ಲಿ ಇನ್ನೂ ಡಾಕ್ಟರಿಲ್ಲ, ಔಷಧಿಯಿಲ್ಲ — ಖಾಲಿ ಕೋಣೆಗಳು, ಪೇಂಟಿನ ವಾಸನೆ. ಅದೇ ಗಾಡಿಯಲ್ಲಿ ತಿರುಗಿ ಹಳೇ ಆಸ್ಪತ್ರೆಗೆ. ತೊಟ್ಟಿಲು ತೊಟ್ಟಿಲಿನ ಹಾಗೆ ಓಡಿಸಲಿಲ್ಲ. ಕೊರಳಿನ ಕಾರ್ಡ್ ತೆಗೆಯಲು ಯಾರಿಗೂ ಹೊಳೆದಿರಲಿಲ್ಲ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಅದನ್ನು ಓದಿ, "ರಿಹರ್ಸಲ್ ಕೇಸಾ? ಪಕ್ಕಕ್ಕಿಡಿ" ಅಂದುಬಿಟ್ಟರು. ಕಿರುಚಿದೆ. ಅಷ್ಟು ಜೋರಾಗಿ ನಾನು ಜೀವನದಲ್ಲಿ ಕಿರುಚಿಲ್ಲ.

ಸ್ಟೆಂಟ್ ಹಾಕಿದ್ದಾರೆ. ಐಸಿಯುನಲ್ಲಿದ್ದಾರೆ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. "ನಕ್ವಿ" ಅಂತ ಅವನಿಗೆ ಹೇಳಿಬಿಟ್ಟೆ. "ನಾನಿದ್ದಿದ್ರೂ ನಗ್ತಿದ್ದೆ ಕಣೇ" ಅಂದ. ಕೈ ಹಿಡಿದುಕೊಂಡ. ಅಲ್ಲಿಯೇ ಅತ್ತುಬಿಟ್ಟೆ.

ಮಾರ್ಚ್ 10, ಸೋಮವಾರ

ಮಾವ ಕಣ್ಣು ಬಿಟ್ಟಿದ್ದಾರೆ. ಮೂಗಿಗೆ, ಬಾಯಿಗೆ ಆಕ್ಸಿಜನ್ ಮಾಸ್ಕ್. ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ, ಹೃದಯ ಸೋತಿದೆ. "ಒಂದು ವಾರ ಅಲ್ಲಾಡಿಸೋ ಹಾಗಿಲ್ಲ" ಅಂದರು ಹೃದಯದ ಡಾಕ್ಟರು. ಸರಿ, ಶಿಫ್ಟಿಂಗ್‌ಗೆ ಹೇಗೂ ತಿಂಗಳ ಕೊನೆ. ಅಷ್ಟರಲ್ಲಿ ಮಾವ ಗಟ್ಟಿಯವರ ಸಾಲಿಗೆ ಬಂದಿರುತ್ತಾರೆ.

ಕಾರ್ಡುಗಳನ್ನೆಲ್ಲ ಹರಿದು ಹಾಕಿದೆ. ಇನ್ನು ಮೇಲೆ ಗೊಂಬೆಗಳನ್ನು ಮಲಗಿಸಿ ರಿಹರ್ಸಲ್.

ಮಾರ್ಚ್ 12, ಬುಧವಾರ, ಬೆಳಿಗ್ಗೆ

ಆಯ್ತು-ಮೇಡಂ ಬಾಗಿಲಲ್ಲಿ ನಿಂತ. ಬಾಯಿ ತೆರೆದ, ಮುಚ್ಚಿದ. "ಆಯ್ತು" ಅನ್ನಲಿಲ್ಲ.

ಐಸಿಯುಗೆ ಹೋಗುವ ಆಕ್ಸಿಜನ್ ಪೈಪ್ ನೆಲದ ಕೆಳಗೆ ಎಲ್ಲೋ ಸೋರುತ್ತಿದೆ. ಒತ್ತಡ ಇಳಿಯುತ್ತಿದೆ. ಯಾವಾಗಿನಿಂದ? "ಶುಕ್ರವಾರದಿಂದ ಸ್ವಲ್ಪ ಡೌಟ್ ಇತ್ತು ಮೇಡಂ. ನಾವೇ ಸರಿ ಮಾಡ್ಬಿಟ್ಟು ಆಮೇಲೆ ಹೇಳೋಣ ಅಂತ..." ಕೈಗೆ ಸಿಕ್ಕಿದ್ದನ್ನು ಎಸೆಯದೆ ಇದ್ದದ್ದೇ ಹೆಚ್ಚು. "ಹೇಳೋಕೆ ಏನಯ್ಯಾ ಕಷ್ಟ? ಬಾಯಲ್ಲಿ ಏನಿತ್ತು?" ಅಂತ ಬೈದೆ. ಪಾಪ, ತಲೆ ತಗ್ಗಿಸಿ ನಿಂತಿದ್ದ. ಪಾಪ ಅನ್ನಿಸಿದ್ದು ಈಗ. ಆಗ ಅನ್ನಿಸಲಿಲ್ಲ.

ರಿಪೇರಿ ಮಾಡಬೇಕೆಂದರೆ ಲೈನ್ ಪೂರ್ತಿ ಮುಚ್ಚಬೇಕು. ಮುಚ್ಚಿದರೆ ಐಸಿಯು ಉಸಿರಾಡುವುದು ಹೇಗೆ? ಸಿಲಿಂಡರ್ ತರಿಸಿದರೂ ನಾಳೆ ಸಂಜೆ ದಾಟುವುದು ಕಷ್ಟ. ಒಂದೇ ದಾರಿ. ಐಸಿಯು ನಾಳೆಯೇ ಹೊಸ ಕಟ್ಟಡಕ್ಕೆ ಹೋಗಬೇಕು.

ಅಂದರೆ ನನ್ನ ಪ್ಲಾನ್ ತಲೆಕೆಳಗು. ಆಕ್ಸಿಜನ್ ಹೆಚ್ಚು ಬೇಕಾದವರು ಮೊದಲು ಹೋಗಬೇಕು. ತೀರಾ ನಾಜೂಕಾದವರು, ಹೊಸ ದಾರಿಯಲ್ಲಿ, ಹೊಸ ಲಿಫ್ಟಿನಲ್ಲಿ, ಮೊದಲು. ಹೊಸ ಕಟ್ಟಡದ ಆಕ್ಸಿಜನ್ ಲೈನ್ ಪರೀಕ್ಷೆ ಹೋದ ವಾರವೇ ಆಗಿದೆ, ಅದೊಂದು ಪುಣ್ಯ. ದೊಡ್ಡ ಡಾಕ್ಟರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡೇ ಇದ್ದರು. ಆಮೇಲೆ "ಮಾಡಮ್ಮ" ಅಂದರು.

ಅದೇ ದಿನ, ಮಧ್ಯಾಹ್ನ

ಸ್ಟೋರ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗಿನಿಂದ ಮುಚ್ಚಿಕೊಳ್ಳುವಂಥ ಬಾಗಿಲು ಇದೊಂದಕ್ಕೇ ಇರುವುದು.

ಐಸಿಯು ಹೊರಗಿನ ಕಾರಿಡಾರಿನಲ್ಲಿ ರೋಗಿಗಳ ಮನೆಯವರನ್ನೆಲ್ಲ ಸೇರಿಸಿದೆವು. ಇದ್ದದ್ದು ಇದ್ದ ಹಾಗೆ ಹೇಳಿದೆ. ಪ್ರತಿಯೊಬ್ಬರ ಮನೆಯವರೂ ಸಹಿ ಹಾಕಬೇಕು. ಹೋಗಬೇಕು ಅಂತ ಎಲ್ಲರಿಗೂ ಅರ್ಥವಾಯಿತು. ಆದರೆ ಮೊದಲು ಯಾರು? ಯಾರೂ ಒಪ್ಪಲಿಲ್ಲ.

"ಬೇರೆಯವರನ್ನ ಕಳ್ಸಿ ಮೇಡಂ, ಹೇಗಾಗುತ್ತೆ ನೋಡ್ಕೊಂಡು ನಮ್ಮೋರನ್ನ ಕಳಿಸ್ತೀವಿ."

"ನಮ್ಮ ಅಣ್ಣನ ಮೇಲೆ ಪ್ರಯೋಗ ಮಾಡೋಕೆ ನಾನು ಬಿಡಲ್ಲ."

ಮಾವನ ಪಕ್ಕದ ಹಾಸಿಗೆಯಲ್ಲಿರುವುದು ಒಬ್ಬ ಕಾಲೇಜು ಹುಡುಗಿ, ನ್ಯುಮೋನಿಯಾ, ಮೆಷಿನ್ ಮೇಲೆ ಉಸಿರಾಟ. ಆಕ್ಸಿಜನ್ ಎಲ್ಲರಿಗಿಂತ ಹೆಚ್ಚು ಬೇಕಾದವಳು ಅವಳೇ. ಅವಳ ತಾಯಿ ಗೋಡೆಗೆ ಒರಗಿ ನಿಂತಿದ್ದರು. "ನಿಮ್ಮ ಮನೆಯೋರಾಗಿದ್ರೆ ಮೊದಲು ಕಳಿಸ್ತಿದ್ರಾ ಮೇಡಂ?" ಅಂದರು. ಕೊಂಕಿನಿಂದ ಅಲ್ಲ. ನಿಜವಾಗಿಯೂ ಗೊತ್ತಾಗಬೇಕಾಗಿತ್ತು ಅವರಿಗೆ.

"ನಮ್ಮ ಮಾವ ಒಳಗಿದ್ದಾರೆ. ಮೊದಲ ಗಾಡಿಯಲ್ಲಿ ಅವರೇ ಹೋಗ್ತಾರೆ" ಅಂದೆ.

ಹೇಳಿದವಳು ನಾನೇ. ಕೇಳಿಸಿಕೊಂಡು ಬೆಚ್ಚಿದವಳೂ ನಾನೇ. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹೋಯಿತು.

ಆಗ ನೋಡಿದೆ. ಜನರ ಹಿಂದೆ, ಮೆಟ್ಟಿಲ ಹತ್ತಿರ, ನನ್ನ ಗಂಡ. ಎರಡೂ ಕೈಯಲ್ಲಿ ಟೀ ಕಪ್ಪು. ಕೆಳಗೆ ಕ್ಯಾಂಟೀನಿಗೆ ಹೋಗಿದ್ದವನು ಬರುತ್ತಿದ್ದ. ಕೇಳಿಸಿಕೊಂಡಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಪ್ಪನ್ನು ಕಿಟಕಿ ಕಟ್ಟೆಯ ಮೇಲಿಟ್ಟ. ಚೆಲ್ಲದ ಹಾಗೆ, ನಿಧಾನವಾಗಿ. ಮೆಟ್ಟಿಲಿಳಿದು ಹೋದ.

ಓಡಿ ಹಿಡಿಯಬೇಕಾಗಿತ್ತು. ಆದರೆ ಹುಡುಗಿಯ ತಾಯಿ ಕೈ ಹಿಡಿದುಕೊಂಡು, "ಅವರು ಸರಿಯಾಗಿ ತಲುಪಿದ್ರೆ ಎರಡನೇದರಲ್ಲಿ ನಮ್ಮ ಹುಡುಗೀನ ಕಳಿಸ್ತೀನಿ" ಅನ್ನುತ್ತಿದ್ದರು. ಬಿಡಿಸಿಕೊಳ್ಳಲಾಗಲಿಲ್ಲ.

ಅದೇ ದಿನ, ಸಂಜೆ

ಹೃದಯದ ಡಾಕ್ಟರು ಬೈದರು. "ಅಲ್ಲಾಡಿಸಬೇಡಿ ಅಂದಿದ್ದೆ." ಅಲ್ಲಾಡಿಸದಿದ್ದರೆ ಆಕ್ಸಿಜನ್ ಎಲ್ಲಿಂದ? ಅಂತ ಕೇಳಿದೆ. "ಮೊದಲೋ ಎರಡನೆಯದೋ, ರಿಸ್ಕ್ ಇದ್ದೇ ಇದೆ. ಮೊದಲನೆಯದಕ್ಕೆ ಒಂದು ಕೈ ಜಾಸ್ತಿ" ಅಂದರು.

ಮಾವನ ಹತ್ತಿರ ಕೂತೆ. ಕಿವಿಯಲ್ಲಿ ಎಲ್ಲ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿಬಿಟ್ಟೆ, ಬೇಡ ಅಂದರೆ ಈಗಲೂ ಬದಲಾಯಿಸುತ್ತೇನೆ ಅಂದೆ. ಮಾಸ್ಕ್ ಸ್ವಲ್ಪ ಎತ್ತಿದರು. "ನನ್ನ ಹಿಂದೆ ಯಾರಾದ್ರೂ ಬರ್ತಾರಾ, ಇಲ್ಲ ನಾನೊಬ್ನೇನಾ?"

"ಎಲ್ಲಾರೂ ಬರ್ತಾರೆ ಮಾವ."

"ಹಂಗಾದ್ರೆ ಸರಿ." ಮಾಸ್ಕ್ ತಾವೇ ಹಾಕಿಕೊಂಡರು. ಅಷ್ಟಕ್ಕೇ ಏದುಸಿರು.

ಸಹಿ ಹಾಕಬೇಕಾದದ್ದು ಗಂಡ. ಕಾಗದ ಮುಂದಿಟ್ಟೆ. ಓದಲಿಲ್ಲ, ಹಾಕಿದ. "ನಾಳೆ ನಾನು ಆ ಕಡೆ ಇರ್ತೀನಿ" ಅಂದ. ನದಿಯಾಚೆಗೆ, ಅಂತ. ಊರಿಗೆ ಉಪಕಾರಿ, ಮನೆಗೆ ಮಾರಿ — ಬೈದಿದ್ದರೆ ಹೀಗೇ ಬೈಯಬೇಕಾಗಿತ್ತು. ಬೈಯಲಿಲ್ಲ.

ಮಾರ್ಚ್ 13, ಗುರುವಾರ, 7.20

ಮೊದಲ ಗಾಡಿ ಹೊರಟಿತು. ತೊಟ್ಟಿಲು ಸ್ಟೀರಿಂಗ್‌ನಲ್ಲಿ, ಹಿಂದೆ ಹಿರಿಯ ಸಿಸ್ಟರ್, ಡಾಕ್ಟರು, ಮಾವ. ನಾನು ಇಲ್ಲಿಯೇ ಇರಬೇಕು, ಉಳಿದವರನ್ನು ಕಳಿಸಬೇಕು. ಗಾಡಿಗೆ ಏರಿಸುವಾಗ ಮಾವ ಕೈಯೆತ್ತಿದರು, ಯಾರಿಗೆ ಅಂತ ಗೊತ್ತಾಗಲಿಲ್ಲ. ಮಿಕ್ಕವರ ಮನೆಯವರೆಲ್ಲ ಗೇಟಿನಲ್ಲಿ ನಿಂತು ನೋಡುತ್ತಿದ್ದಾರೆ. ಹುಡುಗಿಯ ತಾಯಿ ಕಣ್ಣು ಮಿಟುಕಿಸುತ್ತಿಲ್ಲ.

7.35

ತೊಟ್ಟಿಲು ಫೋನ್. "ಮೇಡಂ, ಸೇತುವೆ ಮೇಲೆ ಲಾರಿ ಅಡ್ಡ ಬಿದ್ದಿದೆ. ಇರುವೆ ಹೋಗೋಕೂ ಜಾಗ ಇಲ್ಲ."

ಮೂರು ಸಲ ಓಡಿಸಿ ನೋಡಿದ ದಾರಿ. ಪ್ಲಾನಿನಲ್ಲಿದ್ದ ಒಂದೇ ದಾರಿ. ಆಮೇಲೆ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಹಿಂದಕ್ಕೆ ತಿರುಗಿಸಿ. ಹಳೇ ಸೇತುವೆ."

"ಅಲ್ಲಿ ರಸ್ತೆ ತುಂಬ ಹಂಪ್ ಇದೆ ಮೇಡಂ."

"ಗೊತ್ತು. ನಡೆದುಕೊಂಡು ಹೋಗೋ ಸ್ಪೀಡಲ್ಲಿ ಹೋಗಿ."

ಗಾಡಿಯಲ್ಲಿ ಹೆಚ್ಚಿನ ಸಿಲಿಂಡರ್ ಇದೆ. ಇದೆ ತಾನೇ? ಆಯ್ತು-ಮೇಡಂನನ್ನು ಕೇಳಿದೆ. "ಇದೆ ಮೇಡಂ. ನಾನೇ ಇಟ್ಟೆ, ನಾನೇ ಎರಡು ಸಲ ನೋಡಿದೀನಿ" ಅಂದ. ಬೆಳಗಿನ ಜಾವದಿಂದ ನಿಂತೇ ಇದ್ದಾನೆ. ಕಣ್ಣು ಕೆಂಪಗಿದೆ.

7.50

ಗಂಡನ ಫೋನ್. "ಎಲ್ಲಿ?"

"ಬರ್ತಿದೆ. ದಾರಿ ಬದಲಾಯ್ತು."

ಇಟ್ಟ.

ಅದರ ಹಿಂದೆಯೇ ಗಾಡಿಯಿಂದ ಸಿಸ್ಟರ್ ಫೋನ್. "ಬಿಪಿ ಇಳೀತಿದೆ. ಇಂಜೆಕ್ಷನ್ ಕೊಟ್ಟಿದ್ದಾರೆ. ನೋಡ್ತಿದೀವಿ." ಹಿಂದಿನಿಂದ ಮೆಷಿನ್ನಿನ ಕೂಗು ಕೇಳಿಸಿತು. ಆಮೇಲೆ ಲೈನ್ ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಎತ್ತಲು ಅವರಿಗೆ ಕೈ ಎಲ್ಲಿರುತ್ತದೆ.

ಗಂಡನಿಗೆ ಹೇಳಲಿಲ್ಲ. ಏನಂತ ಹೇಳುವುದು. ಹುಡುಗಿಯ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಕಡೆ ತಿರುಗಿ ನಿಂತು ಇದನ್ನು ಬರೆಯುತ್ತಿದ್ದೇನೆ. ದೇವರೇ. ಸಾಕು ಮಾಡು.

8.15

ಗಂಡ. ಒಂದೇ ಮಾತು. "ಬಂತು."

"ಮಾವ?"

"ಉಸಿರಾಡ್ತಿದಾರೆ. ಲಿಫ್ಟಿಗೆ ತಗೊಂಡು ಹೋದ್ರು."

ಗೇಟಿನಲ್ಲಿದ್ದವರಿಗೆ ಕೂಗಿ ಹೇಳಿದೆ, ಆಸ್ಪತ್ರೆ ಅನ್ನುವುದನ್ನೂ ಮರೆತು. ಹುಡುಗಿಯ ತಾಯಿ ಅಲ್ಲಿಯೇ ಗೋಡೆಗೆ ಕಾಗದ ಒತ್ತಿ ಸಹಿ ಹಾಕಿದರು.

ಮಾರ್ಚ್ 14, ಶುಕ್ರವಾರ

ಎಲ್ಲರೂ ತಲುಪಿದರು. ಎಲ್ಲರೂ. ಕೊನೆಯ ಗಾಡಿ ಹೋದ ಮೇಲೆ ಹಳೇ ಐಸಿಯುನಲ್ಲಿ ಒತ್ತಡದ ಮುಳ್ಳು ತಳ ಕಂಡಿತ್ತಂತೆ. ಆಯ್ತು-ಮೇಡಂ ಹೇಳಿ, ಅಲ್ಲಿಯೇ ಕೂತು ಅತ್ತುಬಿಟ್ಟ. ಬೆನ್ನು ತಟ್ಟಿದೆ.

ಮಾವ ನಿದ್ದೆಯಲ್ಲಿದ್ದಾರೆ. ಬಿಪಿ ಒಂದು ಹದಕ್ಕೆ ಬಂದು ನಿಂತಿದೆ. ದೊಡ್ಡ ಡಾಕ್ಟರು ಎಲ್ಲರ ಮುಂದೆ ಹೊಗಳಿದರು. ಏನೂ ಕಿವಿಗೆ ಹೋಗಲಿಲ್ಲ.

"ರಾತ್ರಿಪಾಳಿ ನಾನು ಮಾಡ್ತೀನಿ, ನೀನು ಮನೆಗೆ ಹೋಗಿ ಮಲಗು" ಅಂದ ಗಂಡ. ಸೌಜನ್ಯವಾಗಿ. ಬ್ಯಾಂಕಿನಲ್ಲಿ ಕೌಂಟರಿನವರು ಮಾತಾಡುತ್ತಾರಲ್ಲ, ಹಾಗೆ.

ಮಾರ್ಚ್ 20, ಗುರುವಾರ

ಮಾವ ವಾರ್ಡಿಗೆ ಬಂದರು. ಮಾಸ್ಕ್ ಇಲ್ಲ. ಬಾಯಿ ಮೊದಲಿನ ಹಾಗೇ. "ಈ ಬಿಲ್ಡಿಂಗಿಗೆ ಬಂದ ಮೊದಲ ಪೇಷಂಟ್ ನಾನು. ಬೋರ್ಡ್ ಹಾಕ್ಸಿ" ಅಂತ ಸಿಸ್ಟರುಗಳನ್ನು ಗೋಳು ಹುಯ್ದುಕೊಳ್ಳುತ್ತಿದ್ದಾರೆ. ಗಂಡ ಪಕ್ಕದಲ್ಲಿ ಕೂತು ನಗುತ್ತಾನೆ. ನಾನು ಒಳಗೆ ಹೋದರೆ ನಗು ನಿಲ್ಲುವುದಿಲ್ಲ. ನನ್ನ ಕಡೆಗೆ ಬರುವುದಿಲ್ಲ, ಅಷ್ಟೇ.

ಜಗಳಕ್ಕೆ ನಾನು ತಯಾರಾಗಿದ್ದೇನೆ. ಉತ್ತರಗಳೆಲ್ಲ ಸಿದ್ಧ. ಆಕ್ಸಿಜನ್ ಇರಲಿಲ್ಲ. ಯಾರೋ ಒಬ್ಬರು ಮೊದಲು ಹೋಗಲೇಬೇಕಿತ್ತು. ಮಾವನೇ ಒಪ್ಪಿದರು. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಜಗಳ ಮಾತ್ರ ಬರುತ್ತಿಲ್ಲ.

ಮಾರ್ಚ್ 30, ಭಾನುವಾರ

ಮಾವ ಮನೆಗೆ ಬಂದು ಎರಡು ದಿನ. ಇವತ್ತು ಆ ಹುಡುಗಿ, ಅವಳ ತಾಯಿ ನೋಡಲು ಬಂದಿದ್ದರು. ಹುಡುಗಿ ಬಡಕಲಾಗಿದ್ದಾಳೆ, ಆದರೆ ಮೆಟ್ಟಿಲು ತಾನೇ ಹತ್ತಿ ಬಂದಳು. "ಇವರು ಮೊದಲು ಹೋದ್ರು ಅಂತಾನೇ ನನಗೆ ಧೈರ್ಯ ಬಂದಿದ್ದು. ಇಲ್ದಿದ್ರೆ ಇವತ್ತು ಇವಳು..." ಅಂದು ತಾಯಿ ಬಾಯಿಗೆ ಕೈ ಇಟ್ಟುಕೊಂಡರು. ಮಾವ ಸುಮ್ಮನೆ ಹುಡುಗಿಯ ತಲೆ ಸವರಿದರು. ಆ ಹೊತ್ತಿನಲ್ಲಿ ಒಂದು ಡೈಲಾಗೂ ಹೇಳಲಿಲ್ಲ.

ಗಂಡ ಎಲ್ಲರಿಗೂ ಟೀ ಮಾಡಿದ. ಚೆನ್ನಾಗಿ ಮಾತಾಡಿದ. ಅವರು ಹೋದ ಮೇಲೆ ಕಪ್ಪುಗಳನ್ನು ತೊಳೆಯುತ್ತಿದ್ದ. ನಾನು ಒರೆಸುತ್ತಿದ್ದೆ.

"ಒಂದು ಕೇಳ್ಲಾ?" ಅಂದ, ನಲ್ಲಿಯ ಕಡೆಗೇ ಮುಖ ಮಾಡಿ.

ಬಂತು ಅಂದುಕೊಂಡೆ. "ಕೇಳು."

"ನೀನು ಮಾಡಿದ್ದು ಸರಿ. ಆವತ್ತೇ ಗೊತ್ತಿತ್ತು ನಂಗೆ. ನನ್ನ ಒಂದು ಮಾತು ಕೇಳಿದ್ರೆ ನಾನೂ ಹೂಂ ಅಂತಿದ್ದೆ." ನಲ್ಲಿ ನಿಲ್ಲಿಸಿದ. "ಟೀ ತರೋಕೆ ಹೋಗಿದ್ದೆ ಕಣೇ. ಊರು ಬಿಟ್ಟು ಹೋಗಿರ್ಲಿಲ್ಲ. ಯಾಕೆ ಕಾಯ್ಲಿಲ್ಲ?"

ಸಿದ್ಧ ಮಾಡಿಟ್ಟುಕೊಂಡ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಒರೆಸಿದ ಕಪ್ಪನ್ನೇ ಮತ್ತೆ ಒರೆಸಿದೆ. ಅವನು ಕೈ ಒರೆಸಿಕೊಂಡು ಮಾವನಿಗೆ ಮಾತ್ರೆ ಕೊಡಲು ಹೋದ.

ಇಲ್ಲಿ ಬಂದು ಕೂತಿದ್ದೇನೆ. ಇದನ್ನು ಯಾರೂ ಓದುವುದಿಲ್ಲ, ಇಲ್ಲಾದರೂ ನಿಜ ಬರೆಯೋಣ. ಸಮಯವಿರಲಿಲ್ಲ ಅನ್ನೋಣವೆಂದರೆ, ಸುಳ್ಳು. ಐದು ನಿಮಿಷಕ್ಕೆ ಯಾರ ಉಸಿರೂ ನಿಲ್ಲುತ್ತಿರಲಿಲ್ಲ. ಅವನು ಬೇಡ ಅಂದುಬಿಡುತ್ತಾನೆ ಅನ್ನುವ ಭಯ ಅನ್ನೋಣವೆಂದರೆ — ಅದೂ ಅಲ್ಲ. ಭಯಪಡಬೇಕಾದರೆ ಅವನ ಯೋಚನೆಯಾದರೂ ಬಂದಿರಬೇಕಲ್ಲ. ಆ ಕಾರಿಡಾರಿನಲ್ಲಿ, ನಾನು ಬಾಯಿ ತೆರೆದಾಗ, ಮಾವನಿಗೆ ಒಬ್ಬ ಮಗ ಇದ್ದಾನೆ, ಅವನು ನನ್ನ ಗಂಡ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ.